ಕ್ರಾಂತಿಕಾರಿ ಭಗತ್‌ಸಿಂಗ್

ಆಳುವವರ ವಿರುದ್ಧ ಆಯುಧವನ್ನು ಎತ್ತಿದವನಿಗೆ ಲೋಕವು ಹಲವು ಹೆಸರುಗಳನ್ನು ಕೊಡುತ್ತದೆ. ಒಬ್ಬರು ಅವನನ್ನು ಭಯೋತ್ಪಾದಕನೆನ್ನುತ್ತಾರೆ, ಇನ್ನೊಬ್ಬರು ಬಂಡಾಯಗಾರನೆನ್ನುತ್ತಾರೆ, ಮತ್ತೊಬ್ಬರು ದೇಶಭಕ್ತನೆಂದು ಕೈಮುಗಿಯುತ್ತಾರೆ. ಈ ಎಲ್ಲ ಹೆಸರುಗಳನ್ನೂ 23 ವರ್ಷಗಳ ಕಿರುಬಾಳಿನಲ್ಲಿಯೇ ಹೊತ್ತವನು ಭಗತ್‌ಸಿಂಗ್. ತನಗೆ ಯಾವ ಹೆಸರು ಸಲ್ಲುತ್ತದೆ ಎಂಬುದನ್ನು ಅವನು ಇತರರ ತೀರ್ಪಿಗೆ ಬಿಟ್ಟುಕೊಡದೆ ತಾನೇ ಪರೀಕ್ಷಿಸಿದನು. ಆ ಪರೀಕ್ಷೆಯಲ್ಲಿ ತನ್ನನ್ನೂ ಬಿಡಲಿಲ್ಲ.

ಭಗತ್‌ಸಿಂಗ್ 1907ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಪಂಜಾಬಿನ ಲಾಯಲ್‌ಪುರ ಜಿಲ್ಲೆಯ ಬಂಗಾ ಎಂಬ ಗ್ರಾಮದಲ್ಲಿ ಜನಿಸಿದನು. ಆ ಊರು ಈಗ ಪಾಕಿಸ್ತಾನಕ್ಕೆ ಸೇರಿದೆ. ತಂದೆ ಕಿಶನ್‌ಸಿಂಗ್, ತಾಯಿ ವಿದ್ಯಾವತಿ. ದೇಶಕಾರ್ಯವು ಆ ಮನೆತನಕ್ಕೆ ಹೊಸತಾಗಿರಲಿಲ್ಲ. ಚಿಕ್ಕಪ್ಪ ಅಜಿತ್‌ಸಿಂಗರು ರೈತರನ್ನು ಸಂಘಟಿಸಿದರೆಂಬ ಕಾರಣಕ್ಕೆ ಅದೇ ವರ್ಷ ಲಾಲಾ ಲಜಪತರಾಯರೊಡನೆ ಬರ್ಮಾದ ಮಂಡಾಲೆಗೆ ಗಡೀಪಾರಾಗಿದ್ದರು. ಅದಕ್ಕಾಗಿ ಯಾವ ನ್ಯಾಯಾಲಯದಲ್ಲಿಯೂ ವಿಚಾರಣೆ ನಡೆಯಲಿಲ್ಲ. 1818ರ ಹಳೆಯ ಕಟ್ಟಳೆಯೊಂದರ ಬಲದಿಂದ, ಇವರು ಅಪಾಯಕಾರಿಗಳೆಂದು ಸರ್ಕಾರವು ಹೇಳಿತು, ಅಷ್ಟೇ ಸಾಕಾಯಿತು.

1919ರಲ್ಲಿ ರೌಲೆಟ್ ಶಾಸನ ಬಂದಿತು. ಅದರ ಹೆಸರಿನಲ್ಲಿಯೇ ಅರಾಜಕ ಹಾಗೂ ಕ್ರಾಂತಿಕಾರಿ ಅಪರಾಧಗಳೆಂಬ ಮಾತು ಸೇರಿತ್ತು. ಶಂಕೆಯ ಮೇಲೆಯೇ ಯಾರನ್ನಾದರೂ ಸೆರೆಯಲ್ಲಿಡಲು ಅದು ಅವಕಾಶ ಕೊಟ್ಟಿತು. ಅದನ್ನು ವಿರೋಧಿಸಿದ ದಿನಗಳಲ್ಲಿಯೇ, ಏಪ್ರಿಲ್ 13ರಂದು, ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನೆರೆದಿದ್ದ ನಿರಾಯುಧ ಜನರ ಮೇಲೆ ಜನರಲ್ ಡಯರನ ಸೈನಿಕರು 1650 ಗುಂಡುಗಳನ್ನು ಹಾರಿಸಿದರು. ಸರ್ಕಾರದ ಲೆಕ್ಕದಂತೆಯೇ ಸತ್ತವರು 379 ಮಂದಿ. ಗುಂಪನ್ನು ಚದುರಿಸುವುದಷ್ಟೇ ತನ್ನ ಉದ್ದೇಶವಾಗಿರಲಿಲ್ಲ, ಇಡೀ ಪಂಜಾಬಿನ ಮನಸ್ಸಿನ ಮೇಲೆ ಪರಿಣಾಮವಾಗಬೇಕಾಗಿತ್ತು ಎಂಬುದನ್ನು ಡಯರನು ಮುಚ್ಚಿಡಲಿಲ್ಲ. ನಿರಪರಾಧಿಗಳನ್ನು ಕೊಂದು ಉಳಿದವರಲ್ಲಿ ಭಯವನ್ನು ಹುಟ್ಟಿಸುವುದೇ ಭಯೋತ್ಪಾದನೆಯಾದರೆ ಆ ದಿನ ನಡೆದುದು ಅದೇ. ಆದರೆ ಸಮವಸ್ತ್ರ ಧರಿಸಿದವನಿಗೆ ಆ ಹೆಸರನ್ನು ಯಾರೂ ಕೊಡಲಿಲ್ಲ. ಹನ್ನೆರಡು ತುಂಬದ ಭಗತ್‌ಸಿಂಗ್ ಆ ತೋಟಕ್ಕೆ ಹೋಗಿ, ರಕ್ತ ಹೀರಿದ ಮಣ್ಣನ್ನು ಮನೆಗೆ ತಂದನೆಂದು ಹೇಳುವುದುಂಟು.

ಮುಂದೆ ಅವನು ಲಾಹೋರಿನ ನ್ಯಾಷನಲ್ ಕಾಲೇಜನ್ನು ಸೇರಿದನು. 1922ರಲ್ಲಿ ಚೌರಿಚೌರಾದ ಘಟನೆಯ ತರುವಾಯ ಗಾಂಧೀಜಿಯವರು ಅಸಹಕಾರ ಚಳವಳಿಯನ್ನು ನಿಲ್ಲಿಸಿದಾಗ ಅನೇಕ ತರುಣರು ದಿಕ್ಕುಗಾಣದಂತಾದರು. ಅವರಲ್ಲಿ ಕೆಲವರು ಆಯುಧದ ಹಾದಿ ಹಿಡಿದರು. ಭಗತ್‌ಸಿಂಗನೂ ಅಂಥವರ ಸಂಘವನ್ನು ಸೇರಿದನು. 1926ರಲ್ಲಿ ನೌಜವಾನ್ ಭಾರತ ಸಭೆಯನ್ನು ಕಟ್ಟುವುದರಲ್ಲಿ ಮುಂದಾದನು. 1928ರ ಸೆಪ್ಟೆಂಬರಿನಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದ ಪಾಳು ಕೋಟೆಯಲ್ಲಿ ಸೇರಿದ ಗೆಳೆಯರು ತಮ್ಮ ಸಂಘದ ಹೆಸರಿಗೆ ಸಮಾಜವಾದ ಎಂಬ ಪದವನ್ನು ಸೇರಿಸಿದರು. ಬಿಳಿಯ ಅಧಿಕಾರಿ ಹೋಗಿ ಕರಿಯ ಅಧಿಕಾರಿ ಬಂದರೆ ಸಾಲದು, ದುಡಿಯುವವನ ಸುಲಿಗೆ ನಿಲ್ಲಬೇಕು ಎಂಬುದು ಅವರ ನಿಲುವಾಗಿತ್ತು.

ಅದೇ ಅಕ್ಟೋಬರ್ 30ರಂದು ಸೈಮನ್ ಆಯೋಗವು ಲಾಹೋರಿಗೆ ಬಂದಿತು. ಅದನ್ನು ಬಹಿಷ್ಕರಿಸಿದ ಮೆರವಣಿಗೆಯ ಮುಂದಾಳು ಲಜಪತರಾಯರು. ಪೊಲೀಸ್ ಸೂಪರಿಂಟೆಂಡೆಂಟ್ ಸ್ಕಾಟ್ ನಡೆಸಿದ ಲಾಠಿ ಪ್ರಹಾರದಲ್ಲಿ ವೃದ್ಧರಾದ ಅವರು ಪೆಟ್ಟು ತಿಂದರು; ನವೆಂಬರ್ 17ರಂದು ತೀರಿಕೊಂಡರು. ಒಂದು ತಿಂಗಳಿಗೆ ಸರಿಯಾಗಿ, ಡಿಸೆಂಬರ್ 17ರಂದು, ಸ್ಕಾಟನಿಗಾಗಿ ಕಾದಿದ್ದ ಭಗತ್‌ಸಿಂಗ್ ಮತ್ತು ರಾಜಗುರು ಗುರುತು ತಪ್ಪಿ ಸ್ಯಾಂಡರ್ಸ್ ಎಂಬ ತರುಣ ಅಧಿಕಾರಿಯನ್ನು ಕೊಂದರು. ಬೆನ್ನಟ್ಟಿ ಬಂದ ಹೆಡ್ ಕಾನ್‌ಸ್ಟೇಬಲ್ ಚನನ್‌ಸಿಂಗ್, ಚಂದ್ರಶೇಖರ ಆಜಾದರ ಗುಂಡಿಗೆ ಬಲಿಯಾದನು. ಮರುದಿನ ನಗರದ ಗೋಡೆಗಳ ಮೇಲೆ ಕಂಡ ಭಿತ್ತಿಪತ್ರಗಳು ಸೇಡು ತೀರಿತೆಂದು ಸಾರಿದುದಲ್ಲದೆ, ಒಬ್ಬ ಮನುಷ್ಯನನ್ನು ಕೊಲ್ಲಬೇಕಾಗಿ ಬಂದುದಕ್ಕೆ ವಿಷಾದವನ್ನೂ ಸೂಚಿಸಿದವು.

ಭಗತ್‌ಸಿಂಗನ ಚರಿತ್ರೆಯನ್ನು ಹೇಳುವವರು ಚನನ್‌ಸಿಂಗನ ಹೆಸರನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅದು ಸರಿಯಲ್ಲ. ಅವನು ಸಂಬಳಕ್ಕೆ ದುಡಿಯುತ್ತಿದ್ದ ಭಾರತೀಯ. ಲಜಪತರಾಯರ ಸಾವಿಗಾಗಿ ಸೇಡು ತೀರಿಸಬೇಕೆಂದು ಅವನನ್ನು ಯಾರೂ ಆರಿಸಿರಲಿಲ್ಲ. ಕ್ರಾಂತಿಕಾರಿಗಳು ಎತ್ತಿದ ಪಿಸ್ತೂಲು ತಾವು ಗುರಿಯಿಟ್ಟವನನ್ನು ಮುಟ್ಟಲಿಲ್ಲ, ಗುರಿಯಿಡದ ಇಬ್ಬರನ್ನು ಮುಟ್ಟಿತು.

ಮುಂದಿನ ಕಾರ್ಯವನ್ನು ಅವರು ಬೇರೆ ರೀತಿಯಲ್ಲಿ ಯೋಜಿಸಿದರು. 1929ರ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆ ಸೇರಿತ್ತು. ಕಾರ್ಮಿಕರ ಮುಷ್ಕರಗಳಿಗೆ ಕಡಿವಾಣ ಹಾಕುವ ಮಸೂದೆ ಅಂಗೀಕಾರವಾಗಿತ್ತು. ಸಾರ್ವಜನಿಕ ಸುರಕ್ಷತೆಯ ಮಸೂದೆಯ ಬಗೆಗೆ ಅಧ್ಯಕ್ಷ ವಿಠ್ಠಲಭಾಯಿ ಪಟೇಲರು ತಮ್ಮ ನಿರ್ಣಯವನ್ನು ಹೇಳುವುದರಲ್ಲಿದ್ದರು. ಆಗ ಪ್ರೇಕ್ಷಕರ ಗ್ಯಾಲರಿಯಿಂದ ಭಗತ್‌ಸಿಂಗ್ ಮತ್ತು ಬಟುಕೇಶ್ವರ ದತ್ತ ಎರಡು ಬಾಂಬುಗಳನ್ನು ಜನರಿಲ್ಲದ ಕಡೆಗೆ ಎಸೆದರು. ಸಭಾಂಗಣದಲ್ಲಿ ಹೊಗೆ ತುಂಬಿತು, ಕರಪತ್ರಗಳು ಹಾರಾಡಿದವು. ಕೆಲವರಿಗೆ ಗಾಯಗಳಾದವು, ಯಾರೂ ಸಾಯಲಿಲ್ಲ. ಗದ್ದಲದಲ್ಲಿ ಓಡಿಹೋಗಬಹುದಾಗಿದ್ದ ಇಬ್ಬರೂ ನಿಂತಲ್ಲಿಯೇ ನಿಂತು ಘೋಷಣೆ ಕೂಗಿ ಸೆರೆಯಾದರು.

ಜೂನ್ 6ರಂದು ನ್ಯಾಯಾಲಯದ ಮುಂದಿಟ್ಟ ಹೇಳಿಕೆಯಲ್ಲಿ ಅವರು ತಮ್ಮ ಕೃತ್ಯವನ್ನು ಅಲ್ಲಗಳೆಯಲಿಲ್ಲ. ಕೊಲ್ಲುವುದೇ ಉದ್ದೇಶವಾಗಿದ್ದರೆ ಬಾಂಬಿನ ಬಲವೂ ಎಸೆದ ಸ್ಥಳವೂ ಬೇರೆಯಾಗಿರುತ್ತಿತ್ತು ಎಂದು ವಾದಿಸಿದರು. ಆಕ್ರಮಣಕ್ಕಾಗಿ ಬಳಸಿದ ಬಲವೇ ಹಿಂಸೆ, ನ್ಯಾಯವಾದ ಧ್ಯೇಯಕ್ಕಾಗಿ ಬಳಸಿದ ಬಲಕ್ಕೆ ನೈತಿಕ ಸಮರ್ಥನೆ ಇದೆ ಎಂಬುದು ಅವರ ಮತವಾಗಿತ್ತು. ನ್ಯಾಯಾಲಯವು ಇಬ್ಬರಿಗೂ ಆಜೀವ ದ್ವೀಪಾಂತರವಾಸವನ್ನು ವಿಧಿಸಿತು.

ಹೆಸರಿನ ಪ್ರಶ್ನೆ ಸೆರೆಮನೆಯೊಳಗೂ ಅವರನ್ನು ಬಿಡಲಿಲ್ಲ. ಕಳ್ಳರು ದರೋಡೆಕೋರರೊಡನೆ ತಮ್ಮನ್ನು ಎಣಿಸಬಾರದು, ರಾಜಕೀಯ ಕೈದಿಗಳೆಂದು ಒಪ್ಪಿ ಯೋಗ್ಯವಾದ ಆಹಾರ, ಪುಸ್ತಕ, ಪತ್ರಿಕೆಗಳನ್ನು ಕೊಡಬೇಕು ಎಂದು ಭಗತ್‌ಸಿಂಗ್ ಮತ್ತು ದತ್ತ ಜೂನ್ ತಿಂಗಳಿನಲ್ಲಿ ಉಪವಾಸ ಹೂಡಿದರು. ಉಳಿದ ಸಂಗಾತಿಗಳೂ ಸೇರಿದರು. ಸರ್ಕಾರಕ್ಕೆ ಅನ್ನವನ್ನು ಕೊಡುವುದು ಕಷ್ಟವಾಗಿರಲಿಲ್ಲ, ಆ ಹೆಸರನ್ನು ಕೊಡುವುದೇ ಕಷ್ಟವಾಗಿತ್ತು. ಬಂಗಾಳದ ಜತೀಂದ್ರನಾಥ ದಾಸನು 63 ದಿನಗಳ ಉಪವಾಸದ ನಂತರ ಸೆಪ್ಟೆಂಬರ್ 13ರಂದು ಪ್ರಾಣಬಿಟ್ಟನು. ಭಗತ್‌ಸಿಂಗನ ಉಪವಾಸ ಅಕ್ಟೋಬರಿನವರೆಗೆ ನಡೆಯಿತು.

1930ರ ಜನವರಿಯಲ್ಲಿ ಹೈಕೋರ್ಟಿನ ಮುಂದೆ ಅವನು ತನ್ನ ವಾದವನ್ನು ಇನ್ನಷ್ಟು ಬೆಳೆಸಿದನು. ಉದ್ದೇಶವನ್ನು ಬದಿಗಿಟ್ಟು ಕೃತ್ಯವನ್ನು ಮಾತ್ರ ನೋಡಿದರೆ ಯುದ್ಧದಲ್ಲಿ ಕೊಲ್ಲಿಸುವ ದಂಡನಾಯಕನು ಕೊಲೆಗಾರನಾಗುತ್ತಾನೆ, ತೆರಿಗೆ ಎತ್ತುವ ಅಧಿಕಾರಿ ಕಳ್ಳನಾಗುತ್ತಾನೆ ಎಂದನು. ವಾದವು ಚುರುಕಾದುದು, ಆದರೆ ಪೂರ್ಣವಲ್ಲ. ಒಳ್ಳೆಯ ಉದ್ದೇಶವಿದೆಯೆಂದು ಹೇಳದ ಬಂದೂಕುಧಾರಿಯು ಯಾವ ದೇಶದಲ್ಲಿಯೂ ಇಲ್ಲ. ಆದ್ದರಿಂದ ಯಾರಿಗೆ ಗುರಿಯಿಟ್ಟನು ಎಂಬುದನ್ನೂ ಕೇಳಬೇಕಾಗುತ್ತದೆ. ಸಂತೆಯಲ್ಲಿ, ರೈಲಿನಲ್ಲಿ, ದೇವಸ್ಥಾನದಲ್ಲಿ ಸೇರಿದ ಸಾಮಾನ್ಯರನ್ನು ಕೊಂದು, ಆ ಭಯದಿಂದ ತನ್ನ ಕಾರ್ಯ ಸಾಧಿಸುವವನು ಭಯೋತ್ಪಾದಕ. ರಾಜ್ಯದ ಅಧಿಕಾರವನ್ನೇ ಕಿತ್ತುಹಾಕಲು ಅದರ ಸೈನ್ಯದೊಡನೆ ಹೋರಾಡುವವನು ಬಂಡಾಯಗಾರ. ಉಗ್ರಗಾಮಿ ಎಂಬ ಪದವಂತೂ ಬಹಳ ಸಡಿಲವಾದುದು. ಬಂದೂಕು ಹಿಡಿಯದ ತಿಲಕರನ್ನೂ ಅವರ ಸಂಗಡಿಗರನ್ನೂ ಒಂದು ಕಾಲಕ್ಕೆ ಹಾಗೆಯೇ ಕರೆಯುತ್ತಿದ್ದರು. ಒಬ್ಬನೇ ಮನುಷ್ಯನು ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಹೆಸರಿಗೆ ತಕ್ಕವನಾಗಬಹುದೆಂಬುದೂ ನಿಜ. ಭಯೋತ್ಪಾದನೆಯನ್ನು ಕುರಿತ ಸಮಗ್ರ ಒಪ್ಪಂದವೊಂದರ ಕರಡನ್ನು ಭಾರತವು 1996ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟಿತು. ದಶಕಗಳ ಚರ್ಚೆಯ ಬಳಿಕವೂ ರಾಷ್ಟ್ರಗಳಲ್ಲಿ ಒಮ್ಮತ ಮೂಡದಿರುವುದಕ್ಕೆ ಈ ಪದದ ಅರ್ಥವೇ ಮುಖ್ಯ ಕಾರಣ.

ಹೊರಗೆ ಇದೇ ಪ್ರಶ್ನೆ ಬೇರೊಂದು ರೂಪ ತಾಳಿತ್ತು. 1929ರ ಡಿಸೆಂಬರಿನಲ್ಲಿ ಕ್ರಾಂತಿಕಾರಿಗಳು ವೈಸರಾಯ್ ಇರ್ವಿನ್ನನ ರೈಲಿಗೆ ಬಾಂಬು ಇಟ್ಟರು, ಇರ್ವಿನ್ ಪಾರಾದನು. ಗಾಂಧೀಜಿಯವರು ಬಾಂಬಿನ ಆರಾಧನೆಯನ್ನು ಖಂಡಿಸಿ ಲೇಖನ ಬರೆದರು. ಅದಕ್ಕೆ ಭಗವತೀಚರಣ ವೋಹ್ರಾ ಬಾಂಬಿನ ತತ್ತ್ವವನ್ನು ಕುರಿತ ಕರಪತ್ರದಿಂದ ಉತ್ತರ ಕೊಟ್ಟನು. ಭಯೋತ್ಪಾದನೆಯೇ ಕ್ರಾಂತಿಯಲ್ಲ, ಆದರೆ ಅದಿಲ್ಲದೆ ಕ್ರಾಂತಿ ಪೂರ್ಣವಾಗದು ಎಂದು ಆ ಕರಪತ್ರ ವಾದಿಸಿತು. ಆ ಪದವು ಅಂದು ಬರಿಯ ಬೈಗುಳವಾಗಿರಲಿಲ್ಲ. ಅದನ್ನು ತಾವೇ ಧರಿಸಲು ಸಿದ್ಧರಾದವರೂ ಇದ್ದರು.

ಸ್ಯಾಂಡರ್ಸ್ ಕೊಲೆಯನ್ನು ಒಳಗೊಂಡ ಲಾಹೋರ್ ಪಿತೂರಿ ಮೊಕದ್ದಮೆ ನಿಧಾನವಾಗಿ ಸಾಗುತ್ತಿದ್ದಿತು. ಇರ್ವಿನ್ 1930ರ ಮೇ 1ರಂದು ಸುಗ್ರೀವಾಜ್ಞೆ ಹೊರಡಿಸಿ ಮೂವರು ನ್ಯಾಯಾಧೀಶರ ವಿಶೇಷ ನ್ಯಾಯಮಂಡಲಿಯನ್ನು ನೇಮಿಸಿದನು. ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗುವಂತಿರಲಿಲ್ಲ. ವಿಚಾರಣೆಯ ಬಹುಭಾಗವು ಆರೋಪಿಗಳ ಗೈರುಹಾಜರಿಯಲ್ಲಿಯೇ ನಡೆಯಿತು. ಕೊಲೆಯಾದ ದಿನ ಮಗನು ಲಾಹೋರಿನಲ್ಲಿಯೇ ಇರಲಿಲ್ಲವೆಂದು ಕಿಶನ್‌ಸಿಂಗರು ಮನವಿ ಸಲ್ಲಿಸಿದಾಗ ಭಗತ್‌ಸಿಂಗನು ತಂದೆಗೆ ಕಟುವಾದ ಪತ್ರ ಬರೆದನು. ಸುಳ್ಳಿನಿಂದ ಉಳಿಯುವ ಪ್ರಾಣವು ಅವನಿಗೆ ಬೇಕಾಗಿರಲಿಲ್ಲ. ಅಕ್ಟೋಬರ್ 7ರಂದು ಭಗತ್‌ಸಿಂಗ್, ಸುಖದೇವ್, ರಾಜಗುರು ಈ ಮೂವರಿಗೆ ಗಲ್ಲು ಶಿಕ್ಷೆಯಾಯಿತು.

ಸಾವಿನ ನೆರಳಿನಲ್ಲಿ, 1931ರ ಫೆಬ್ರವರಿಯಲ್ಲಿ, ಅವನು ತರುಣ ಕಾರ್ಯಕರ್ತರಿಗೆ ಒಂದು ದೀರ್ಘವಾದ ಪತ್ರವನ್ನು ಬರೆದನು. ತಾನು ಭಯೋತ್ಪಾದಕನಂತೆ ನಡೆದುಕೊಂಡಿದ್ದರೂ ಭಯೋತ್ಪಾದಕನಲ್ಲ, ಕ್ರಾಂತಿಯ ಜೀವನದ ಆರಂಭದಲ್ಲಿ ಬಹುಶಃ ಆಗಿದ್ದಿರಬಹುದು ಎಂದು ಅದರಲ್ಲಿ ಒಪ್ಪಿಕೊಂಡನು. ಆ ವಿಧಾನಗಳಿಂದ ಏನೂ ದೊರೆಯದು, ಬಾಂಬು ಎಸೆಯುವುದು ನಿಷ್ಫಲವಷ್ಟೇ ಅಲ್ಲ ಕೆಲವೊಮ್ಮೆ ಹಾನಿಕರವೂ ಹೌದು ಎಂದು ತಿಳಿಸಿದನು. ಹಳ್ಳಿಯ ರೈತರನ್ನೂ ಕಾರ್ಖಾನೆಯ ಕಾರ್ಮಿಕರನ್ನೂ ವರ್ಷಗಟ್ಟಲೆ ತಾಳ್ಮೆಯಿಂದ ಸಂಘಟಿಸಬೇಕೆಂದನು. ಆ ಪದವನ್ನು ಅವನ ಮೇಲೆ ಹೇರಿದವರಾಗಲಿ, ಅವನಿಂದ ಕಿತ್ತೆಸೆಯಲು ಬಯಸಿದವರಾಗಲಿ ಇಷ್ಟು ನಿಷ್ಠುರವಾಗಿ ಲೆಕ್ಕ ಹಾಕಲಿಲ್ಲ.

ಮಾರ್ಚ್ ತಿಂಗಳಿನಲ್ಲಿ ಮೂವರೂ ಪಂಜಾಬಿನ ಗವರ್ನರನಿಗೆ ಒಂದು ಪತ್ರ ಕಳುಹಿಸಿದರು. ಅದು ದಯಾಭಿಕ್ಷೆಯಲ್ಲ. ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದರೆಂದು ನ್ಯಾಯಮಂಡಲಿಯೇ ತೀರ್ಮಾನಿಸಿದೆ; ಹಾಗಾದರೆ ತಾವು ಯುದ್ಧಕೈದಿಗಳು; ಯುದ್ಧಕೈದಿಗಳನ್ನು ನೇಣು ಹಾಕಬಾರದು, ಸೈನಿಕರನ್ನು ಕರೆಸಿ ಗುಂಡಿಕ್ಕಿಸಬೇಕು ಎಂಬುದೇ ಅವರ ಬೇಡಿಕೆ. ಸರ್ಕಾರದ ಮಾತನ್ನೇ ಹಿಡಿದು ಕೇಳಿದ ಈ ಪ್ರಶ್ನೆಯಿಂದ ಶಿಕ್ಷೆಯ ರೀತಿ ಬದಲಾಗಲಿಲ್ಲ. ಮಾರ್ಚ್ 24ರ ಬೆಳಿಗ್ಗೆ ಆಗಬೇಕಾಗಿದ್ದ ಗಲ್ಲು 23ರ ಸಂಜೆಯೇ ಲಾಹೋರಿನ ಸೆಂಟ್ರಲ್ ಜೈಲಿನಲ್ಲಿ ಮುಗಿಯಿತು. ದೇಹಗಳನ್ನು ಕತ್ತಲಲ್ಲಿ ಸಾಗಿಸಿ ಸಟ್ಲೆಜ್ ನದಿಯ ದಡದ ಹುಸೇನಿವಾಲಾದ ಬಳಿ ಸುಡಲಾಯಿತು.

ಕೆಲವೇ ದಿನಗಳಲ್ಲಿ ಕರಾಚಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಯಾವ ರೂಪದ ರಾಜಕೀಯ ಹಿಂಸೆಯಿಂದಲೂ ತಾನು ದೂರವೆಂದು ಸ್ಪಷ್ಟಪಡಿಸುತ್ತಲೇ, ಆ ಮೂವರ ಧೈರ್ಯ ತ್ಯಾಗಗಳನ್ನು ಮೆಚ್ಚುವ ನಿರ್ಣಯವನ್ನು ಅದು ಅಂಗೀಕರಿಸಿತು. ಒಂದೇ ವಾಕ್ಯದಲ್ಲಿ ಎರಡನ್ನೂ ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ ಅಲ್ಲಿ ನಡೆದ ವಾಗ್ವಾದವೇ ಸಾಕ್ಷಿ.

ಆ ವಾಗ್ವಾದ ಇಂದಿಗೂ ಮುಗಿದಿಲ್ಲ. ಇತಿಹಾಸಕಾರ ಬಿಪನ್ ಚಂದ್ರ ಮತ್ತು ಅವರ ಸಂಗಡಿಗರು ತಮ್ಮ ಗ್ರಂಥದಲ್ಲಿ ಭಗತ್‌ಸಿಂಗ್ ಮೊದಲಾದವರ ಮಾರ್ಗವನ್ನು ಕ್ರಾಂತಿಕಾರಿ ಭಯೋತ್ಪಾದನೆ ಎಂದು ಕರೆದಿದ್ದರು. ನಿಂದಿಸುವುದು ಅವರ ಉದ್ದೇಶವಾಗಿರಲಿಲ್ಲ. ಆದರೆ ಆ ಪದದ ಅರ್ಥ ಕಾಲಕ್ರಮದಲ್ಲಿ ಕಪ್ಪಾಗಿದ್ದುದರಿಂದ 2016ರಲ್ಲಿ ಸಂಸತ್ತಿನವರೆಗೂ ಆಕ್ಷೇಪ ಹೋಯಿತು. ಹುಸೇನಿವಾಲಾವು ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಸೇರಿತ್ತು. 1961ರಲ್ಲಿ ಬೇರೆ ಗ್ರಾಮಗಳನ್ನು ಬಿಟ್ಟುಕೊಟ್ಟು ಭಾರತವು ಅದನ್ನು ಪಡೆಯಿತು. ಲಾಹೋರಿನ ಆ ಸೆರೆಮನೆ ಈಗಿಲ್ಲ. ಅದಿದ್ದ ಸ್ಥಳದ ಶಾದ್‌ಮಾನ್ ಚೌಕಕ್ಕೆ ಭಗತ್‌ಸಿಂಗನ ಹೆಸರಿಡಬೇಕೆಂದು ಅಲ್ಲಿನ ನಾಗರಿಕರೇ ಹಲವು ವರ್ಷ ಹೋರಾಡಿದರು. ಅವನು ಕ್ರಾಂತಿಕಾರಿಯಲ್ಲ, ಇಂದಿನ ಮಾತಿನಲ್ಲಿ ಭಯೋತ್ಪಾದಕ ಎಂಬ ಅಭಿಪ್ರಾಯವನ್ನು ಮುಂದಿಟ್ಟು, ಆ ಯೋಜನೆಯನ್ನು ಕೈಬಿಟ್ಟಿರುವುದಾಗಿ ನಗರದ ಆಡಳಿತವು 2024ರ ನವೆಂಬರಿನಲ್ಲಿ ಲಾಹೋರ್ ಹೈಕೋರ್ಟಿಗೆ ತಿಳಿಸಿತು.