ಥಾಮಸ್ ಕ್ಲಾರ್ಕ್‌ಸನ್

ಬಹುಮಾನಕ್ಕಾಗಿ ಪ್ರಬಂಧ ಬರೆಯುವುದು ವಿದ್ಯಾರ್ಥಿಗಳಲ್ಲಿ ವಾಡಿಕೆ. ಬಹುಮಾನ ಕೈಸೇರಿದ ಮೇಲೆ ವಿಷಯವನ್ನು ಮರೆತುಬಿಡುವುದೂ ವಾಡಿಕೆಯೇ. ಹಾಗೆ ಮರೆಯಲಾರದೆ ಹೋದ ಒಬ್ಬ ವಿದ್ಯಾರ್ಥಿಯಿಂದ ಮನುಷ್ಯರನ್ನು ಮಾರುವ ಬಹುದೊಡ್ಡ ವ್ಯಾಪಾರವೊಂದರ ಬುಡವೇ ಅಲುಗಿತು. ಆತನೇ ಥಾಮಸ್ ಕ್ಲಾರ್ಕ್‌ಸನ್.

1760ನೆಯ ಇಸವಿ ಮಾರ್ಚ್ 28ರಂದು ಇಂಗ್ಲೆಂಡಿನ ವಿಸ್‌ಬೀಚ್ ಎಂಬ ಊರಿನಲ್ಲಿ ಆತನು ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರೂ ಚೆನ್ನಾಗಿ ಓದಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದನು. 1785ರಲ್ಲಿ ಅಲ್ಲಿ ಲ್ಯಾಟಿನ್ ಪ್ರಬಂಧಸ್ಪರ್ಧೆಯೊಂದು ಏರ್ಪಟ್ಟಿತು. ಮನುಷ್ಯರನ್ನು ಅವರ ಇಚ್ಛೆಗೆ ವಿರೋಧವಾಗಿ ದಾಸರನ್ನಾಗಿ ಮಾಡುವುದು ನ್ಯಾಯವೇ ಎಂಬುದು ವಿಷಯ. ಆ ಕಾಲದಲ್ಲಿ ಆಫ್ರಿಕದ ಜನರನ್ನು ಹಿಡಿದು, ಹಡಗುಗಳಲ್ಲಿ ತುಂಬಿ, ಅಮೆರಿಕ ಖಂಡದ ಕಬ್ಬಿನ ತೋಟಗಳಿಗೆ ಮಾರುತ್ತಿದ್ದರು. ಕೀರ್ತಿಯ ಆಸೆಯಿಂದ ಲೇಖನಿ ಹಿಡಿದ ತರುಣನಿಗೆ ಓದುತ್ತ ಓದುತ್ತ ನಿದ್ರೆಯೇ ದೂರವಾಯಿತು. ಬಹುಮಾನವೇನೋ ಬಂದಿತು, ಮನಶ್ಶಾಂತಿ ಹೋಯಿತು. ಕುದುರೆಯೇರಿ ಲಂಡನ್ನಿಗೆ ಹೋಗುವಾಗ ವೇಡ್ಸ್‌ಮಿಲ್ ಬಳಿ ದಾರಿಯ ಪಕ್ಕದಲ್ಲಿ ಕುಳಿತುಬಿಟ್ಟನು. ತಾನು ಬರೆದುದು ಸತ್ಯವಾದರೆ ಅದನ್ನು ಕೊನೆಗಾಣಿಸಲು ಯಾರಾದರೂ ಹೊರಡಲೇಬೇಕು ಎಂದು ಆತನಿಗೆ ಅಲ್ಲಿ ಹೊಳೆಯಿತು. ಹೊರಟವನು ತಾನೇ. ಪಾದ್ರಿಯಾಗಬೇಕೆಂದಿದ್ದ ಬಯಕೆಯನ್ನು ಕೈಬಿಟ್ಟನು.

1787ರ ಮೇ 22ರಂದು ಲಂಡನ್ನಿನಲ್ಲಿ ಹನ್ನೆರಡು ಜನರ ಸಮಿತಿಯೊಂದು ಹುಟ್ಟಿತು. ಪಾರ್ಲಿಮೆಂಟಿನಲ್ಲಿ ಮಾತನಾಡುವ ಹೊಣೆ ವಿಲ್ಬರ್‌ಫೋರ್ಸನದು; ಸಾಕ್ಷ್ಯ ಕೂಡಿಸುವ ಹೊಣೆ ಕ್ಲಾರ್ಕ್‌ಸನ್ನನದು. ಬರಿಯ ಕರುಣೆಯ ಮಾತಿಗೆ ವರ್ತಕರು ಬಗ್ಗುವವರಲ್ಲವೆಂದು ಆತನು ಬಲ್ಲವನಾಗಿದ್ದನು. ಆದುದರಿಂದ ಏಳು ವರ್ಷಗಳಲ್ಲಿ ಸುಮಾರು 35,000 ಮೈಲಿ ಸಂಚರಿಸಿ, ಬ್ರಿಸ್ಟಲ್, ಲಿವರ್‌ಪೂಲ್ ಬಂದರುಗಳಲ್ಲಿ ನಾವಿಕರನ್ನು ವಿಚಾರಿಸಿದನು. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಿದ್ದ ಕೈಕೋಳ, ಹೆಬ್ಬೆರಳು ಹಿಂಡುವ ತಿರುಪು, ಉಣ್ಣಲೊಲ್ಲದವರ ಬಾಯಿ ಬಿಡಿಸುವ ಉಪಕರಣಗಳನ್ನು ಕೊಂಡು ತಂದು ಜನರೆದುರು ಇಟ್ಟನು. ನಾವಿಕರ ಪಟ್ಟಿಗಳನ್ನು ಪರಿಶೀಲಿಸಿ, ಈ ವ್ಯಾಪಾರದಲ್ಲಿ ಇಂಗ್ಲಿಷ್ ನಾವಿಕರೂ ಬಹುಸಂಖ್ಯೆಯಲ್ಲಿ ಸಾಯುತ್ತಿದ್ದರೆಂದು ತೋರಿಸಿಕೊಟ್ಟನು. ಲಿವರ್‌ಪೂಲಿನ ಬಂದರಿನಲ್ಲಿ ವಿರೋಧಿಗಳು ಆತನನ್ನು ಸಮುದ್ರಕ್ಕೆ ತಳ್ಳಲು ಯತ್ನಿಸಿದರು. ಆತನು ಅವರ ನಡುವೆಯೇ ನುಗ್ಗಿ ಪ್ರಾಣ ಉಳಿಸಿಕೊಂಡನು. ಹೆಸರೂ ಗೊತ್ತಿಲ್ಲದ ಒಬ್ಬ ಸಾಕ್ಷಿಗಾಗಿ ಬಂದರಿನಿಂದ ಬಂದರಿಗೆ ಅಲೆದು, ಹಡಗು ಹಡಗನ್ನೂ ಹತ್ತಿ ಹುಡುಕಿ, ಕಡೆಗೆ ಪ್ಲಿಮತ್‌ನಲ್ಲಿ ಕಂಡುಹಿಡಿದನು.

ಬ್ರೂಕ್ಸ್ ಎಂಬ ಹಡಗಿನಲ್ಲಿ 482 ಜನರನ್ನು ಒತ್ತೊತ್ತಾಗಿ ಮಲಗಿಸಿದ ನಕ್ಷೆಯೊಂದನ್ನು ಸಮಿತಿ ಅಚ್ಚುಹಾಕಿಸಿ ಹಂಚಿತು. ನೋಡಿದವರ ಎದೆ ನಡುಗಿತು. ದಾಸರ ಬೆವರಿನಿಂದಾದ ಸಕ್ಕರೆ ನಮಗೆ ಬೇಡವೆಂದು ಅನೇಕ ಗೃಹಿಣಿಯರು ತೊರೆದರು. ಹೀಗೆ ಬಿಟ್ಟವರು ಸುಮಾರು 3 ಲಕ್ಷ ಜನರೆಂದು ಕ್ಲಾರ್ಕ್‌ಸನ್ನನ ಅಂದಾಜು. ನಮ್ಮ ಹಿರಿಯರು ವಿದೇಶೀ ಬಟ್ಟೆಯನ್ನು ತ್ಯಜಿಸಿದುದು ಇಲ್ಲಿ ನೆನಪಿಗೆ ಬರುತ್ತದೆ. 1792ರಲ್ಲಿ 519 ಮನವಿಗಳು ಪಾರ್ಲಿಮೆಂಟಿಗೆ ಬಂದವು. ಆದರೂ ಜಯ ಕೂಡಲೇ ದೊರೆಯಲಿಲ್ಲ. ಕ್ಲಾರ್ಕ್‌ಸನ್ನನ ಆರೋಗ್ಯ ಕೆಟ್ಟು, 1794ರಲ್ಲಿ ಕೆಲಸದಿಂದ ನಿವೃತ್ತನಾಗಬೇಕಾಯಿತು. ಚೇತರಿಸಿಕೊಂಡು ಮತ್ತೆ ಕುದುರೆಯೇರಿದನು. 1807ರಲ್ಲಿ ಬ್ರಿಟಿಷರ ದಾಸವ್ಯಾಪಾರ ನಿಷಿದ್ಧವಾಯಿತು; 1833ರಲ್ಲಿ ಬ್ರಿಟನ್ನಿನ ವಸಾಹತುಗಳ ದಾಸ್ಯವನ್ನು ರದ್ದುಗೊಳಿಸುವ ಶಾಸನವೂ ಆಯಿತು. 1846ರ ಸೆಪ್ಟೆಂಬರ್ 26ರಂದು ಆತನು ತೀರಿಕೊಂಡನು.

ವಿದ್ಯಾರ್ಥಿ ಮಿತ್ರರೇ, ಆ ಹಡಗುಗಳು ಇಂದಿಲ್ಲ. ಆದರೆ ಮನುಷ್ಯರ ಮಾರಾಟ ನಿಂತಿಲ್ಲ. ನಮ್ಮ ಸಂವಿಧಾನದ 23ನೆಯ ಅನುಚ್ಛೇದ ಅದನ್ನು ನಿಷೇಧಿಸಿದೆ. ಆದರೂ ಪಟ್ಟಣದಲ್ಲಿ ಕೆಲಸ, ಒಳ್ಳೆಯ ಸಂಬಳ, ಖರ್ಚಿಲ್ಲದ ಮದುವೆ ಎಂದು ನಂಬಿಸಿ ಬಡವರ ಮಕ್ಕಳನ್ನು ಕರೆದೊಯ್ಯುವ ದಲ್ಲಾಳಿಗಳಿದ್ದಾರೆ. ಮುಂಗಡ ಹಣದ ಸಾಲಕ್ಕೆ ಸಂಸಾರವನ್ನೇ ಕಟ್ಟಿಹಾಕುವ ಧಣಿಗಳಿದ್ದಾರೆ. ಕರೆದೊಯ್ಯುವವನು ಯಾರು, ಎಲ್ಲಿಗೆ, ಯಾವ ಕೆಲಸಕ್ಕೆ, ಗುರುತಿನ ಪತ್ರಗಳು ಯಾರ ಕೈಯಲ್ಲಿವೆ ಎಂದು ನಾವು ಕೇಳಬೇಕು. ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೋಲೀಸರ ನೆರವಿಗಾಗಿ 112ಕ್ಕೆ ತಿಳಿಸಬೇಕು. ತಪ್ಪಿಸಿಕೊಂಡು ಬಂದವರನ್ನು ಊರು ನಿಂದಿಸದೆ ಬರಮಾಡಿಕೊಳ್ಳಬೇಕು. ಕ್ಲಾರ್ಕ್‌ಸನ್ನನಂತೆ ಸಾವಿರಾರು ಮೈಲಿ ಅಲೆಯುವುದು ಎಲ್ಲರಿಗೂ ಸಾಧ್ಯವಿಲ್ಲ. ನಮ್ಮ ಬೀದಿಯಿಂದ ಕಾಣೆಯಾದ ಹುಡುಗಿ ಎಲ್ಲಿ ಹೋದಳೆಂದು ಕೇಳುವುದು ಮಾತ್ರ ನಮ್ಮಲ್ಲಿ ಪ್ರತಿಯೊಬ್ಬರಿಗೂ ಸಾಧ್ಯ.