ಕೊಟ್ಟವರು ಕಣ್ಣಾರೆ ಕಾಣಬೇಕು: ಹೊಸೂರಿನ ಎಚ್ಚೆನ್ ಬದುಕು ಹೇಳುವ ಪಾಠ

ಗೌರಿಬಿದನೂರು ತಾಲ್ಲೂಕಿನ ಹೊಸೂರು ನಾಡಿನ ಜನರಿಗೆ ಪರಿಚಿತವಾದದ್ದು ಡಾ. ಎಚ್. ನರಸಿಂಹಯ್ಯನವರಿಂದ. ಭೌತವಿಜ್ಞಾನದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಪವಾಡಗಳನ್ನು ಪ್ರಶ್ನಿಸಿದ ವಿಚಾರವಾದಿ ಎಂದು ಜನ ಅವರನ್ನು ನೆನೆಯುತ್ತಾರೆ. ಸಾರ್ವಜನಿಕರ ನೆರವಿನಿಂದ ನಡೆಯುವ ವಿದ್ಯಾಸಂಸ್ಥೆಯೊಂದನ್ನು ದಶಕಗಳ ಕಾಲ ಹೆಗಲ ಮೇಲೆ ಹೊತ್ತವರೂ ಅವರೇ. ಇತರರ ಔದಾರ್ಯದಿಂದ ಓದಿ ಮುಂದೆ ಬಂದು, ಅನಂತರ ತಾವೇ ಕೊಡುವವರ ಸಾಲಿಗೆ ಸೇರಿದ ಎಚ್ಚೆನ್ ಅವರ ಬದುಕು ದಾನಿಗಳ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತದೆ. ನಾವು ಕೊಟ್ಟ ಹಣ ಎಲ್ಲಿಗೆ ಹೋಯಿತು ಎಂಬುದನ್ನು ನಾವು ಎಂದಾದರೂ ಹೋಗಿ ನೋಡಿದ್ದೇವೆಯೇ?

ಕಾಲ್ನಡಿಗೆಯ ಹಾದಿ

ನರಸಿಂಹಯ್ಯನವರು ಹುಟ್ಟಿದ್ದು 1920ರಲ್ಲಿ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಮನೆಯಲ್ಲಿ ಕಡುಬಡತನ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಹೊಸೂರಿನಲ್ಲಿ ಪ್ರೌಢಶಾಲೆ ಇರಲಿಲ್ಲ. ಮುಂದೆ ಓದುವ ದಾರಿ ಕಾಣದೆ ಕುಳಿತಿದ್ದ ಹುಡುಗನಿಗೆ ಬೆಂಗಳೂರಿನಿಂದ ಕರೆ ಬಂತು. ಕರೆದವರು, ಹೊಸೂರಿನಲ್ಲಿ ಅವನಿಗೆ ಪಾಠ ಹೇಳಿ ಅನಂತರ ನಗರಕ್ಕೆ ಹೋಗಿದ್ದ ಗುರುಗಳು. ಬಸ್ಸಿಗೆ ಕಾಸಿಲ್ಲದ ಹುಡುಗ 1935ರಲ್ಲಿ ಸುಮಾರು 80 ಕಿ.ಮೀ. ದೂರವನ್ನು ಎರಡು ದಿನ ನಡೆದು ಬೆಂಗಳೂರು ತಲುಪಿ, ನ್ಯಾಷನಲ್ ಹೈಸ್ಕೂಲು ಸೇರಿದ.

ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಆರಂಭವಾದ ಆ ಶಾಲೆ ಸ್ವದೇಶಿ ಶಿಕ್ಷಣದ ಕನಸು ಹೊತ್ತು ಬೆಳೆದದ್ದು. ಅದನ್ನು ಪೋಷಿಸಿದವರೆಲ್ಲರಿಗೂ ಹೊಸೂರಿನ ಈ ಹುಡುಗನ ಗುರುತು ಇದ್ದಿರಲಾರದು. ಹುಡುಗನ ಕಷ್ಟವನ್ನು ಹತ್ತಿರದಿಂದ ಕಂಡು, ಹೆಸರಿಡಿದು ಕರೆದವರು ಒಬ್ಬ ಮೇಷ್ಟ್ರು. ಆ ಪರಿಚಯವಿಲ್ಲದಿದ್ದರೆ ಬೆಂಗಳೂರಿನ ಶಾಲೆ ಎಷ್ಟು ಒಳ್ಳೆಯದಿದ್ದರೂ ಹೊಸೂರಿನ ಹುಡುಗನಿಗೆ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ.

ಶಾಲೆಗೆ ಬಂದ ಅತಿಥಿ

1936ರ ಬೇಸಿಗೆಯಲ್ಲಿ ಮಹಾತ್ಮ ಗಾಂಧಿ ವಿಶ್ರಾಂತಿಗಾಗಿ ನಂದಿಬೆಟ್ಟಕ್ಕೆ ಬಂದಿದ್ದರು. ಅದೇ ವರ್ಷ ಅವರು ನ್ಯಾಷನಲ್ ಹೈಸ್ಕೂಲಿಗೂ ಭೇಟಿ ಕೊಟ್ಟರು. ಗಾಂಧೀಜಿಯವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ಅನುವಾದಿಸುವ ಅವಕಾಶ ವಿದ್ಯಾರ್ಥಿ ನರಸಿಂಹಯ್ಯನಿಗೆ ಒದಗಿತು. ಆ ಭೇಟಿ ಅವರ ಮೇಲೆ ಬೀರಿದ ಪ್ರಭಾವ ಕೊನೆಯವರೆಗೂ ಉಳಿಯಿತು. ಖಾದಿ ಉಡುಪು, ತಲೆಯ ಮೇಲಿನ ಗಾಂಧಿ ಟೋಪಿ, ಆಡಂಬರವಿಲ್ಲದ ಬದುಕು ಅವರನ್ನು ಬಿಡಲೇ ಇಲ್ಲ.

ಗಾಂಧೀಜಿ ನಿಧಿ ಸಂಗ್ರಹಿಸುತ್ತಿದ್ದ ಬಗೆಯೂ ಗಮನಾರ್ಹ. 1933–34ರ ಹರಿಜನ ಪ್ರವಾಸದಲ್ಲಿ ಅವರು ಊರೂರು ಸುತ್ತಿ ಕಾಸು ಕೂಡಿಸಿದರು. ಜೊತೆಗೆ ಕೇರಿಗಳಿಗೂ ಹೋಗಿ ಅಲ್ಲಿನ ಸ್ಥಿತಿಯನ್ನು ಕಂಡರು. ಹಣ ಕೇಳುವುದನ್ನೂ ಹಣ ಸೇರಬೇಕಾದ ಜಾಗವನ್ನು ನೋಡುವುದನ್ನೂ ಅವರು ಬೇರೆ ಮಾಡಲಿಲ್ಲ.

1938ರ ಏಪ್ರಿಲ್ 25ರಂದು ಹೊಸೂರು ಇರುವ ಅದೇ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದು ಹಲವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ನಂತರ, 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿದ ನರಸಿಂಹಯ್ಯನವರು ಓದನ್ನು ನಿಲ್ಲಿಸಿ ಸೆರೆಮನೆ ಸೇರಿದರು. ಪುಣೆಯ ಯೆರವಡಾ ಜೈಲನ್ನೂ ಕಂಡರು. ಬಿಡುಗಡೆಯ ನಂತರ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಉಪನ್ಯಾಸಕರಾದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಡಾಕ್ಟರೇಟ್ ಪಡೆದು ಅದೇ ಕಾಲೇಜಿಗೆ ಮರಳಿದರು, ಅದರ ಪ್ರಾಂಶುಪಾಲರಾದರು.

ಹಾಸ್ಟೆಲಿನ ಕೊಠಡಿ

ಎಚ್ಚೆನ್ ಮದುವೆಯಾಗಲಿಲ್ಲ, ತಮಗೆಂದು ಮನೆ ಕಟ್ಟಿಕೊಳ್ಳಲಿಲ್ಲ. ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯೇ ಅವರ ವಾಸಸ್ಥಾನವಾಗಿತ್ತು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಅವರು ಆ ಕೊಠಡಿಯನ್ನು ಬಿಡಲಿಲ್ಲ. ಇದನ್ನು ಕೇವಲ ಸರಳತೆಯ ನಿದರ್ಶನವೆಂದು ಹೊಗಳಿ ಮುಂದೆ ಸಾಗುವುದು ವಾಡಿಕೆ. ಆದರೆ ಸಂಸ್ಥೆ ನಡೆಸುವವರಿಗೂ ನೆರವು ನೀಡುವವರಿಗೂ ಇದರಲ್ಲಿ ಇನ್ನೊಂದು ಅರ್ಥವಿದೆ. ಮಕ್ಕಳ ನಡುವೆಯೇ ಬದುಕುವವರಿಗೆ ಹಾಸ್ಟೆಲಿನ ಊಟ ಹೇಗಿದೆ, ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಯಾವ ಹುಡುಗ ಶುಲ್ಕ ಕಟ್ಟಲಾಗದೆ ಮಂಕಾಗಿ ಕುಳಿತಿದ್ದಾನೆ ಎಂಬುದನ್ನು ತಿಳಿಯಲು ವಾರ್ಷಿಕ ವರದಿ ಬೇಕಾಗುವುದಿಲ್ಲ.

ನ್ಯಾಷನಲ್ ಎಜುಕೇಷನ್ ಸೊಸೈಟಿಯ ಕಾರ್ಯ ಬೆಂಗಳೂರಿಗೆ ಸೀಮಿತವಾಗಿ ಉಳಿಯಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತಲೆಯೆತ್ತಿದವು. ಹೊಸೂರಿಗೂ ಪ್ರೌಢಶಾಲೆ ಬಂತು. ಒಂದು ಕಾಲಕ್ಕೆ ಪ್ರೌಢಶಾಲೆಗಾಗಿ ಎರಡು ದಿನ ನಡೆಯಬೇಕಾಗಿದ್ದ ಸೀಮೆಯ ಮಕ್ಕಳಿಗೆ ಪದವಿಯವರೆಗಿನ ಓದು ಹತ್ತಿರವಾಯಿತು. ಆ ದಾರಿಯನ್ನು ಸ್ವತಃ ನಡೆದಿದ್ದ ಎಚ್ಚೆನ್ ಅವರಿಗೆ ಅದರ ಬೆಲೆಯನ್ನು ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

ನಂಬುವ ಮುನ್ನ ನೋಡಿ

ಕುಲಪತಿಯಾಗಿದ್ದಾಗ, 1976ರಲ್ಲಿ, ಎಚ್ಚೆನ್ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿಯೊಂದನ್ನು ರಚಿಸಿದರು. ದೊಡ್ಡವರು ಹೇಳಿದರೆಂಬ ಕಾರಣಕ್ಕೆ ಯಾವುದನ್ನೂ ಒಪ್ಪಬಾರದು, ಪ್ರಶ್ನಿಸಿ ಪರೀಕ್ಷಿಸಿ ನೋಡಬೇಕು ಎಂಬುದು ಅವರ ನಿಲುವು. ಇದರಿಂದ ದೇಶದಾದ್ಯಂತ ಬಿಸಿ ಚರ್ಚೆಯಾಯಿತು. ಆದರೆ ಈ ನಿಲುವನ್ನು ದೇವಮಾನವರಿಗಷ್ಟೇ ಅನ್ವಯಿಸಬೇಕಾಗಿಲ್ಲ. ದಾನವೂ ಅನೇಕ ವೇಳೆ ಕುರುಡು ನಂಬಿಕೆಯ ಮೇಲೆಯೇ ನಡೆಯುತ್ತದೆ.

ಇಂದು ಮೊಬೈಲಿನಲ್ಲಿ ಬೆರಳೊತ್ತಿದರೆ ಹಣ ಸಂಸ್ಥೆಯ ಖಾತೆ ಸೇರುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಂತೆ, ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಹಣ ಹೋಗುತ್ತದೆ, ಪ್ರತಿಯಾಗಿ ಬಣ್ಣದ ಚಿತ್ರಗಳ ವರದಿ ಬರುತ್ತದೆ. ಪ್ರಯೋಗಾಲಯಕ್ಕೆ ಉಪಕರಣ ಕೊಡಲಾಗಿದೆ ಎಂದು ವರದಿ ಹೇಳಬಹುದು. ಅದು ಮಕ್ಕಳ ಕೈಗೆ ಸಿಗುತ್ತಿದೆಯೇ, ಬೀರುವಿನಲ್ಲಿ ಬೀಗ ಹಾಕಿಕೊಂಡು ಕುಳಿತಿದೆಯೇ ಎಂಬುದು ಹೋಗಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಶೌಚಾಲಯ ಕಟ್ಟಿಸಿದವರಿಗೆ ಅಲ್ಲಿ ನೀರಿಲ್ಲವೆಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಗಣಕಯಂತ್ರ ಕೊಟ್ಟವರು ಶಾಲೆಗೆ ಹೋದಾಗ, ಮೊದಲು ಬೇಕಾಗಿದ್ದುದು ಗಣಿತದ ಮೇಷ್ಟ್ರು ಎಂಬ ಅರಿವು ಮೂಡಬಹುದು.

ಭೇಟಿಯಿಂದ ಕೊಡುವವರಿಗೆ ಮಾತ್ರವಲ್ಲ, ನಡೆಸುವವರಿಗೂ ಬಲ ಬರುತ್ತದೆ. ಪ್ರಾಮಾಣಿಕ ಸಂಸ್ಥೆಗೆ ತನ್ನ ಕೊರತೆಯನ್ನು ಮುಚ್ಚುಮರೆಯಿಲ್ಲದೆ ತೋರಿಸುವ ಅವಕಾಶ ಸಿಗುತ್ತದೆ. ಒಮ್ಮೆ ನೋಡಿ ಬಂದ ದಾನಿ ಮುಂದಿನ ವರ್ಷ ಮರೆಯುವುದು ಕಷ್ಟ.

ಆದರೆ ಎಲ್ಲ ಭೇಟಿಯೂ ಉಪಕಾರವಲ್ಲ. ದಾನಿಗಳು ಬರುತ್ತಾರೆಂದು ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸುವುದು, ಪಾಠ ನಿಲ್ಲಿಸಿ ಸ್ವಾಗತ ಗೀತೆ ಹಾಡಿಸುವುದು, ಬಡತನವನ್ನು ಛಾಯಾಚಿತ್ರಕ್ಕೆ ಸರಕಾಗಿಸುವುದು ಸಹಾಯ ಪಡೆಯುವವರ ಘನತೆಗೆ ತರುವ ಕುಂದು. ಹಾರ, ಶಾಲು, ವೇದಿಕೆಗಳಿಗೆ ಆಗುವ ಖರ್ಚೂ ಕೊನೆಗೆ ಮಕ್ಕಳ ಪಾಲಿನಿಂದಲೇ ಹೋಗುತ್ತದೆ. ಹಾಸ್ಟೆಲಿನ ಕೊಠಡಿಯಲ್ಲಿ ಬದುಕಿದ ಕುಲಪತಿಯ ಮಾದರಿ ಇಲ್ಲಿ ನೆರವಿಗೆ ಬರುತ್ತದೆ. ಸಾಮಾನ್ಯ ಕೆಲಸದ ದಿನ ಹೋಗಬೇಕು. ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಬೇಕು. ಮಕ್ಕಳು ಉಣ್ಣುವುದನ್ನೇ ಉಣ್ಣಬೇಕು. ಹೆಚ್ಚು ಕೇಳಿ, ಕಡಿಮೆ ಮಾತನಾಡಬೇಕು.

ಪದ್ಮಭೂಷಣ ಪುರಸ್ಕೃತರಾಗಿದ್ದ ಎಚ್ಚೆನ್ 2005ರ ಜನವರಿ 31ರಂದು ನಿಧನರಾದರು. ಅವರ ಅಂತ್ಯಕ್ರಿಯೆ ಹುಟ್ಟೂರು ಹೊಸೂರಿನಲ್ಲಿ ನಡೆಯಿತು. ಎರಡು ವರ್ಷಗಳ ನಂತರ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗಿ, ಗೌರಿಬಿದನೂರು ಅದಕ್ಕೆ ಸೇರಿತು. ಬೆಂಗಳೂರಿನಿಂದ ಅಲ್ಲಿಗೆ ಈಗ ರೈಲೂ ಇದೆ, ಒಳ್ಳೆಯ ರಸ್ತೆಯೂ ಇದೆ. ಹುಡುಗನೊಬ್ಬ ವಿದ್ಯೆಗಾಗಿ ಎರಡು ದಿನ ನಡೆದ ದೂರವನ್ನು ಎರಡು–ಮೂರು ಗಂಟೆಗಳಲ್ಲಿ ಕ್ರಮಿಸಬಹುದು. ಗ್ರಾಮಾಂತರದ ಶಾಲೆಗೋ ಅನಾಥಾಲಯಕ್ಕೋ ಹಣ ಕಳಿಸುವ ನಗರವಾಸಿಗಳು ವರ್ಷಕ್ಕೊಂದು ದಿನ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿ ಬರುವುದು ಅಸಾಧ್ಯವೇನಲ್ಲ.