ಭೀಮರಾಯನ ಬಂದೂಕು ಮತ್ತು ಸೀಸದ ತೂಕ

ಸಿಂಗಟಾಲೂರಿನ ವೀರಭದ್ರೇಶ್ವರನ ದರ್ಶನ ಮುಗಿಸಿ ಹಮ್ಮಿಗಿಯ ಬ್ಯಾರೇಜಿನ ಕಡೆಗೆ ಹೋದ ಒಂದು ಮಧ್ಯಾಹ್ನ, ತುಂಗಭದ್ರೆಯ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರ ಬಳಿ ನಿಂತೆ. ಬಲೆಯ ಅಂಚಿನಲ್ಲಿ ಸೀಸದ ಗುಂಡುಗಳಿದ್ದವು. ಕೆಲವು ದುಂಡಗೆ, ಕೆಲವು ನೀಳವಾಗಿ. ಎರಡನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ತೂಕದಲ್ಲಿ ಹೆಚ್ಚು ಅಂತರವಿರಲಿಲ್ಲ. ಇದೇ ಹಮ್ಮಿಗಿಯಲ್ಲಿ ಸುಮಾರು ಒಂದೂ ಮುಕ್ಕಾಲು ಶತಮಾನದ ಹಿಂದೆ ಮುಂಡರಗಿಯ ಭೀಮರಾಯ ತನ್ನ ಬದುಕನ್ನು ಪಣಕ್ಕಿಟ್ಟದ್ದು ನೆನಪಾಯಿತು. ಅವನ ಸೋಲಿನ ಕತೆಯನ್ನು ನಾವು ಅರ್ಧ ಮಾತ್ರ ಹೇಳುತ್ತ ಬಂದಿದ್ದೇವೆ ಎಂದು ನನಗೆ ಅನ್ನಿಸಿದ್ದು ಅಲ್ಲಿಯೇ.

ಭೀಮರಾಯ ಮುಂಡರಗಿಯ ನಾಡಗೀರ ಮನೆತನದವನು. ಹುಟ್ಟಾ ದಂಗೆಕೋರನೇನಲ್ಲ. ಕಂಪನಿ ಸರ್ಕಾರದಲ್ಲಿ ತಹಸೀಲ್ದಾರನಾಗಿದ್ದು, ನೌಕರಿ ಕಳೆದುಕೊಂಡು ಊರಿಗೆ ಮರಳಿದವನು. ಆಗ ಈ ದಂಡೆ ಮುಂಬಯಿ ಪ್ರಾಂತ್ಯದ ಧಾರವಾಡಕ್ಕೆ, ಎದುರಿನ ಹಡಗಲಿಯ ದಂಡೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿಗೆ ಸೇರಿದ್ದವು. ಹೊಳೆಯ ಕೆಳಗಿನ ಕೊಪ್ಪಳ ಹೈದರಾಬಾದಿನ ಸಾಲಾರ್ ಜಂಗ್ ಮನೆತನದ ಜಹಗೀರು. ಸರ್ಕಾರದ ಕಾಗದವನ್ನು ಓದಬಲ್ಲವನಾಗಿದ್ದ ಭೀಮರಾಯನಿಗೆ, 1857ರ ಶಸ್ತ್ರ ಕಾಯ್ದೆಯ ಅರ್ಥ ಇತರರಿಗಿಂತ ಮೊದಲೇ ತಿಳಿದಿರಬೇಕು.

ಆ ಕಾಯ್ದೆ ಬಂದದ್ದರ ಹಿಂದೆಯೂ ಒಂದು ಗುಂಡಿನ ಆಕಾರವಿದೆ. ಇಂಗ್ಲೀಷರ ಹಳೆಯ ಬ್ರೌನ್ ಬೆಸ್ ಬಂದೂಕಿನ ದುಂಡನೆಯ ಗುಂಡು ಸುಮಾರು 490 ಗ್ರೇನ್, ಎಂದರೆ 32 ಗ್ರಾಂ ತೂಗುತ್ತಿತ್ತು. 1853ರ ಎನ್‌ಫೀಲ್ಡ್ ರೈಫಲಿನ ಗುಂಡು 530 ಗ್ರೇನ್, ಸುಮಾರು 34 ಗ್ರಾಂ. ಬಹುಮಟ್ಟಿಗೆ ಒಂದೇ ತೂಕ. ಆದರೆ ಹಳೆಯ ಗುಂಡು ನೂರು ಗಜ ದಾಟಿದ ಮೇಲೆ ಯಾರಿಗೆ ತಗಲುತ್ತದೆಂದು ಹಾರಿಸಿದವನಿಗೇ ಗೊತ್ತಿರುತ್ತಿರಲಿಲ್ಲ. ಹೊಸದು ಹಲವು ನೂರು ಗಜಗಳಾಚೆಯೂ ಗುರಿ ಹಿಡಿಯುತ್ತಿತ್ತು.

ಕಾರಣ ಸರಳ. ಹಾರುವ ಗುಂಡನ್ನು ಗಾಳಿ ತಡೆಯುವುದು ಅದರ ಅಗಲದ ಮೇಲೆ. ಆ ತಡೆಯನ್ನು ಮೀರಿ ಮುನ್ನುಗ್ಗಿಸುವುದು ಅದರ ತೂಕ. ದುಂಡನೆಯ ಗುಂಡಿನಲ್ಲಿ ಇವೆರಡನ್ನೂ ಬೇರ್ಪಡಿಸಲಾಗದು. ವ್ಯಾಸವನ್ನು ಇಮ್ಮಡಿಸಿದರೆ ತೂಕ ಎಂಟು ಪಟ್ಟಾಗುತ್ತದೆ, ಗಾಳಿಗೊಡ್ಡುವ ಮುಖವೂ ನಾಲ್ಕು ಪಟ್ಟಾಗುತ್ತದೆ. ಅಂಥ ಗುಂಡನ್ನು ಹಾರಿಸಲು ಬಂದೂಕು ಸಾಲದು, ತೋಪೇ ಬೇಕು. ಗುಂಡನ್ನು ನೀಳವಾಗಿಸಿದರೆ ಅಗಲ ಕುಗ್ಗಿ ತೂಕ ಉಳಿಯುತ್ತದೆ. ಎನ್‌ಫೀಲ್ಡ್ ಗುಂಡಿನಲ್ಲಿ ಪ್ರತಿ ಚದರ ಅಂಗುಲದ ಹಿಂದಿದ್ದ ತೂಕ ಬ್ರೌನ್ ಬೆಸ್ ಗುಂಡಿನದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಇದಕ್ಕೆ ಆಕಾರದ ಲೆಕ್ಕವನ್ನೂ ಸೇರಿಸಿದರೆ ಬರುವ ಅಂಕಿಯನ್ನೇ ಇಂದಿನ ತಜ್ಞರು ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್ ಎನ್ನುತ್ತಾರೆ. ತೋಟಾಗಳನ್ನು ಕೈಯಾರೆ ತುಂಬುವ ಇಂದಿನ ಗುರಿಕಾರರೂ ಗುಂಡು ಆರಿಸುವಾಗ ಮೊದಲು ನೋಡುವುದು ತೂಕ ಮತ್ತು ಈ ಅಂಕಿಯನ್ನೇ.

ನೀಳ ಗುಂಡು ಗಾಳಿಯಲ್ಲಿ ಮಗುಚದಿರಲು ತಿರುಗಬೇಕು. ತಿರುಗಲು ನಳಿಕೆಯ ತೋಡುಗಳನ್ನು ಬಿಗಿಯಾಗಿ ಹಿಡಿಯಬೇಕು. ಬಿಗಿಯಾದದ್ದನ್ನು ಬಾಯಿಯಿಂದ ತುಂಬಿ ಕೆಳಗಿಳಿಸಲು ಜಿಡ್ಡು ಬೇಕು. ಆ ಜಿಡ್ಡು ಹಸುವಿನದೋ ಹಂದಿಯದೋ ಎಂಬ ಪ್ರಶ್ನೆ 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿತು. ದಂಗೆಯ ಬೆನ್ನಿಗೇ ಶಸ್ತ್ರ ಕಾಯ್ದೆ ಬಂದಿತು. ಕಾಯ್ದೆಗೆ ತಲೆಬಾಗದ ಹಲಗಲಿಯ ಬೇಡರಲ್ಲಿ ಹತ್ತೊಂಬತ್ತು ಮಂದಿಯನ್ನು ಆ ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು.

ಆಗಿನ ಹಳ್ಳಿಯ ಬಂದೂಕಿಗೆ ಕಾರ್ಖಾನೆಯ ತೋಟಾ ಇರಲಿಲ್ಲ. ಒಂದೊಂದು ಬತ್ತಿಬಂದೂಕಿನ ನಳಿಕೆ ಒಂದೊಂದು ಅಳತೆಯದು. ಅದಕ್ಕೆ ತಕ್ಕ ಅಚ್ಚಿನಲ್ಲಿ ಸೀಸ ಎರೆದು, ಪೆಟ್ಲುಪ್ಪು, ಗಂಧಕ, ಇದ್ದಿಲು ಕೂಡಿಸಿ ಮದ್ದು ಅರೆದು, ಎಷ್ಟು ಮದ್ದಿಗೆ ಎಷ್ಟು ಸೀಸ ಎಂಬುದನ್ನು ಅನುಭವದಿಂದ ಗೊತ್ತುಮಾಡಿಕೊಳ್ಳಬೇಕಿತ್ತು. ಮದ್ದು ಹೆಚ್ಚಾದರೆ ನಳಿಕೆ ಸಿಡಿಯುವ ಭಯ, ಕಡಿಮೆಯಾದರೆ ಹಂದಿ ಗಾಯಗೊಂಡು ಮೇಲೆರಗುವ ಭಯ. ಹೀಗೆ ಮನೆಯಲ್ಲಿ ಬೆಳೆದ ಒಂದು ವಿದ್ಯೆಯೂ ಬಂದೂಕಿನ ಜೊತೆಗೆ ಜಪ್ತಿಯಾಯಿತು.

1858ರ ಮೇ ತಿಂಗಳ ಕೊನೆಯ ವಾರ. ಹಮ್ಮಿಗಿಯಲ್ಲಿ ಅಡಗಿಸಿಟ್ಟಿದ್ದ ಆಯುಧಗಳು ಸರ್ಕಾರದ ಕೈಗೆ ಸಿಕ್ಕವು. ಭೀಮರಾಯ ಹಮ್ಮಿಗಿಯ ಕೆಂಚನಗೌಡನೊಡನೆ ಕಾವಲು ಮುರಿದು ಅವುಗಳನ್ನು ಮರಳಿ ಪಡೆದನು. ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ಜನ ಕೂಡಿಸುತ್ತ ಕೊಪ್ಪಳದ ಕೋಟೆ ಸೇರಿದನು. ಅದೇ ವಾರ ನರಗುಂದದ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. 1790ರಲ್ಲಿ ಶತ್ರುಗಳನ್ನು ತಿಂಗಳುಗಟ್ಟಲೆ ತಡೆದಿದ್ದ ಕೊಪ್ಪಳದ ಕೋಟೆಯನ್ನು ಜೂನ್ 1ರಂದು ಮೇಜರ್ ಹ್ಯೂಸ್‌ನ ಸೈನ್ಯ ನುಗ್ಗಿ ಹಿಡಿಯಿತು. ಭೀಮರಾಯ, ಕೆಂಚನಗೌಡ ಇಬ್ಬರೂ ಹೋರಾಡುತ್ತ ಮಡಿದರು. ದಂಗೆ ಎದ್ದು ಸುಮಾರು ಒಂದು ವಾರವಷ್ಟೇ ಆಗಿತ್ತು.

ಈ ಕತೆಯನ್ನು ನಾವು ಶೌರ್ಯದ ಕತೆಯಾಗಿ ಹೇಳುತ್ತೇವೆ, ಅದು ನ್ಯಾಯವೇ. ಆದರೆ ಶೌರ್ಯ ಭೀಮರಾಯನಲ್ಲಿ ಕಡಿಮೆಯಿರಲಿಲ್ಲ, ಸೀಸವೂ ಇತ್ತು. ಇಲ್ಲದ್ದು ಆಕಾರದ ಅರಿವು. ಅದೇನೂ ಗುಟ್ಟಿನ ವಿದ್ಯೆಯಲ್ಲ. ಗಾಳಿಯ ತಡೆಯನ್ನು ಪ್ರಯೋಗದಿಂದ ಅಳೆದು ಬೆಂಜಮಿನ್ ರಾಬಿನ್ಸ್ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1742ರಲ್ಲಿ. ತೋಡುಗಳುಳ್ಳ ನಳಿಕೆಯನ್ನು ಸಾಧಿಸಿದ ದೇಶವೇ ಮೇಲುಗೈ ಪಡೆಯುತ್ತದೆಂದು ಅವನು ಆಗಲೇ ಕಂಡಿದ್ದ. ಕಂಪನಿಯ ಎಂಜಿನಿಯರಾಗಿ ಬಂದ ಅವನು 1751ರಲ್ಲಿ ತೀರಿಕೊಂಡದ್ದು ನಮ್ಮ ಪಕ್ಕದ ತಮಿಳು ಕರಾವಳಿಯ ಕಡಲೂರಿನಲ್ಲಿ. ಪುಸ್ತಕ ಇಷ್ಟು ಹತ್ತಿರ ಬಂದರೂ ಅದರ ಲೆಕ್ಕ ಮುಂಡರಗಿಯ ಕಮ್ಮಾರಸಾಲೆಗೆ ತಲುಪಲು 107 ವರ್ಷ ಸಾಲಲಿಲ್ಲ. ಬಂದೂಕುಗಳ ಸಂಖ್ಯೆಯನ್ನು ಎಣಿಸಿಕೊಂಡವನನ್ನು, ಎಣಿಕೆಗೆ ಸಿಗದ ಇನ್ನೊಂದು ಅಂಕಿ ಸೋಲಿಸಿತು.

ಕಾಯ್ದೆ ಎಲ್ಲರಿಗೂ ಒಂದೇ ಆಗಿರಲಿಲ್ಲವೆಂಬುದನ್ನೂ ಗಮನಿಸಬೇಕು. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಇದರಿಂದ ವಿನಾಯಿತಿ ಕೊಟ್ಟನು. ಒಂದೇ ಕನ್ನಡ ನಾಡಿನಲ್ಲಿ ಕೊಡಗಿನ ಮನೆಗಳಲ್ಲಿ ಬಂದೂಕು ಪೂಜೆಗೊಳ್ಳುತ್ತ ಉಳಿಯಿತು, ಮುಂಡರಗಿ ಸೀಮೆಯಲ್ಲಿ ನೆನಪಾಗಿ ಹೋಯಿತು.

ಇಂದು ಯಾರ ಕೈಗೂ ಬಂದೂಕು ಬರಲೆಂದು ನಾನು ಹೇಳುತ್ತಿಲ್ಲ. ಆದರೆ ಭೀಮರಾಯನನ್ನು ನೆನೆಯುವ ದಿನ ಭಾಷಣದ ಜೊತೆಗೆ ಈ ಸಣ್ಣ ಲೆಕ್ಕವನ್ನೂ ಮುಂಡರಗಿಯ ಶಾಲೆಯ ಮಕ್ಕಳಿಗೆ ಹೇಳಿಕೊಟ್ಟರೆ, ಅವನ ಸಾವಿಗೆ ನಾವು ಸಲ್ಲಿಸುವ ಗೌರವ ಇನ್ನಷ್ಟು ಪೂರ್ಣವಾದೀತು. ಮೀನುಗಾರರಿಗೆ ಅವರ ಗುಂಡುಗಳನ್ನು ಹಿಂದಿರುಗಿಸಿದೆ. ನೀಳನೆಯದು ನೀರಿನಲ್ಲಿ ಬೇಗ ಇಳಿಯುತ್ತದೆಂದು ಅವರು ಹೇಳಿದರು. ಅದನ್ನು ಅವರು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ.